ಅಪ್ಪ ತಂದ ಹೊಸ ಬೆಲ್ಟ್

ಆ ಬೆಲ್ಟ್ ಹಾಕಿದವಳು ನಾನೇ. ಗ್ಯಾರೇಜಿನವನು ಹಾಕಿದ್ದರೆ ನನಗೆ ಇವತ್ತಿಗೂ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಕೈಯಿಂದಲೇ, ಅದೂ ನಾನು ಖುಷಿಯಿಂದ ಕುಣಿಯುತ್ತಿರುವಾಗಲೇ ಆ ಕೆಲಸ ಮಾಡಿಸಿಕೊಂಡರಲ್ಲ, ಅದನ್ನು ಮರೆಯಲು ಆಗುತ್ತಿಲ್ಲ.

ನಮ್ಮದು ಇಚಲಕರಂಜಿಯಲ್ಲಿ ಮಗ್ಗದ ಮನೆ. ಮುಂದೆ ವಾಸ, ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಹಗಲೆಲ್ಲ ಖಟಖಟ ಎನ್ನುವ ಪವರ್‌ಲೂಮ್‌ಗಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಆ ಸದ್ದಿನಲ್ಲಿ ಬೆಳೆದ ನಮಗೆ ಯಾರಿಗೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಹೀಗೆ ಅರಚಿಕೊಂಡು ಬದುಕುವ ಮನೆಯಲ್ಲಿ ಗುಟ್ಟು ನಿಲ್ಲಲಾರದು ಎಂದು ನಾನು ನಂಬಿದ್ದೆ. ಎಂಥ ಹುಚ್ಚಿ ನಾನು!

ಮದುವೆ ಮುರಿದು ಕೊಲ್ಹಾಪುರದಿಂದ ತವರಿಗೆ ಬಂದಾಗ ಮನೆಯ ಮುಂದೆ ಒಂದು ಪಿಕಪ್ ಗಾಡಿ ಧೂಳು ತಿನ್ನುತ್ತ ನಿಂತಿತ್ತು. ಡ್ರೈವರ್‌ಗಳು ಬರುತ್ತಿದ್ದರು, ನಾಲ್ಕು ದಿನ ಓಡಿಸುತ್ತಿದ್ದರು, ಹೇಳದೆ ಕೇಳದೆ ಬಿಟ್ಟು ಹೋಗುತ್ತಿದ್ದರು. ನಾನು ಅಡುಗೆಮನೆಯ ಮೂಲೆ ಹಿಡಿದು ಅಳುತ್ತ ಕೂತಿದ್ದ ಒಂದು ಮಧ್ಯಾಹ್ನ ಅಪ್ಪ ಬಂದು ಗಾಡಿಯ ಚಾವಿಯನ್ನು ನನ್ನ ಕೈಯಲ್ಲಿಟ್ಟ.

"ಇದು ಇನ್ನಮ್ಯಾಲೆ ನಿಂದವ್ವಾ. ನೀ ಯಾರ ಮುಂದೂ ಕೈ ಚಾಚೂದು ಬ್ಯಾಡ," ಎಂದ.

ಆ ಮಾತನ್ನು ನಾನು ಪ್ರಸಾದದ ಹಾಗೆ ಕಣ್ಣಿಗೆ ಒತ್ತಿಕೊಂಡೆ. ಹಾತಕಣಂಗಲೆ ರಸ್ತೆಯಲ್ಲಿ ಗಾಡಿ ಕಲಿತೆ. ನಡುರಸ್ತೆಯಲ್ಲಿ ಬಂದ್ ಬಿದ್ದಾಗಲೆಲ್ಲ ಬೈಕಿನವರು ಹಲ್ಲು ಕಿರಿದು ಹೋದರು, ಹೋಗಲಿ ಎಂದುಕೊಂಡೆ. ಮೊದಮೊದಲು ನಮ್ಮ ಮಗ್ಗಗಳಿಗೆ ನೂಲು ಸುತ್ತಿದ ಬೀಮ್ ಉರುಳೆಗಳನ್ನು ತರುವುದಷ್ಟೇ ಕೆಲಸವಿತ್ತು. ಆಮೇಲೆ ಗಡಹಿಂಗ್ಲಜದ ದಾರಿ ಹುಡುಕಿದೆ, ಅಲ್ಲಿ ಪೇಟೆಯಲ್ಲೂ ಕನ್ನಡ ನಡೆಯುತ್ತದೆ. ಹೋಗುವಾಗ ಟಾವೆಲ್ಲು, ಧೋತರದ ಗಂಟು. ಬೆಲ್ಲದ ಸುಗ್ಗಿಯಲ್ಲಿ ಬರುವಾಗ ಅಲ್ಲಿಯ ರೈತರ ಬೆಲ್ಲ ಹೇರಿಕೊಂಡು ಕೊಲ್ಹಾಪುರದ ಪೇಟೆಗೆ. ಗಡಹಿಂಗ್ಲಜದ ಒಂದೊಂದು ಬಟ್ಟೆ ಅಂಗಡಿಯ ಮೆಟ್ಟಿಲನ್ನೂ ನಾನೇ ಹತ್ತಿದ್ದು. "ಹೆಣ್ಮಕ್ಳು ಗಾಡಿ ಹೊಡೀತೀರೇನ್ರಿ?" ಎಂದು ಕೇಳಿದವರೇ ವರ್ಷ ಕಳೆಯುವಷ್ಟರಲ್ಲಿ "ಅಕ್ಕಾರ, ಚಹಾ ಕುಡದ ಹೋಗ್ರಿ" ಎನ್ನತೊಡಗಿದರು. ಗಾಡಿ ಇರುವತನಕ ನಾನು ತವರಿನಲ್ಲಿ ಬಿದ್ದುಕೊಂಡವಳಲ್ಲ, ದುಡಿಯುವವಳು. ನನಗೆ ಬೇಕಾದದ್ದು ಅಷ್ಟೇ ಆಗಿತ್ತು.

ಆ ಗಾಡಿಯ ಫ್ಯಾನ್ ಬೆಲ್ಟ್ ಕಿರುಚಲು ಶುರು ಮಾಡಿದ್ದು ಒಂದು ಮಳೆಗಾಲದ ಕೊನೆಗೆ. ಬೆಳಿಗ್ಗೆ ಚಾಲು ಮಾಡಿದರೆ ಸಾಕು, ಗಲ್ಲಿಯ ನಾಯಿಗಳೆಲ್ಲ ಎದ್ದು ನಿಲ್ಲುವಂತೆ ಕೀಂಯ್ ಎನ್ನುತ್ತಿತ್ತು. ತಿರುವಿನ ಚಹಾದಂಗಡಿಯ ಕನ್ನಡದವನು "ಅಕ್ಕಾರ ಸನಾದಿ ಬಂತ ನೋಡ್ರಿ" ಎಂದು ಎಲ್ಲರ ಮುಂದೆ ಕಾಡಿಸುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಆ ಬೆಲ್ಟ್ ಹರಿದರೆ ಫ್ಯಾನ್ ತಿರುಗುವುದಿಲ್ಲ, ನೀರಿನ ಪಂಪು ತಿರುಗುವುದಿಲ್ಲ, ಇಂಜಿನ್ ಕುದಿದು ದಾರಿಯ ನಡುವೆ ಕೂತುಬಿಡುತ್ತದೆ. ಹಿಂದೆ ಬೆಲ್ಲದ ಲೋಡು, ಸುತ್ತ ಕಬ್ಬಿನ ಹೊಲ, ನಾನೊಬ್ಬಳು.

ಅಪ್ಪನಿಗೆ ಹೇಳಿದೆ. ಅಪ್ಪ ಶೆಡ್ಡಿನಿಂದ ರಾಳದ ಉಂಡೆ ತಂದ. ಹಿಂದೆ ಒಂದೇ ದೊಡ್ಡ ಮೋಟಾರಿನಿಂದ ಎಲ್ಲ ಮಗ್ಗ ಓಡುತ್ತಿದ್ದ ಕಾಲದಲ್ಲಿ ಚರ್ಮದ ಪಟ್ಟಾ ಜಾರಿದರೆ ಅದಕ್ಕೆ ರಾಳ ತಿಕ್ಕುತ್ತಿದ್ದರಂತೆ. ಅಪ್ಪನ ಪಾಲಿಗೆ ಲೋಕದ ಎಲ್ಲ ಬೆಲ್ಟಿಗೂ ಅದೇ ಮದ್ದು. ಬಾನೆಟ್ ಎತ್ತಿ, ರಬ್ಬರಿನ ಬೆಲ್ಟಿಗೆ ಉಂಡೆ ತಿಕ್ಕಿ, "ಆತ ನೋಡು, ಬಾಯಿ ಮುಚ್ಚಿತು," ಎಂದ. ಗಡಹಿಂಗ್ಲಜದ ದಾರಿಯಲ್ಲಿ ಕಾಗಲ್ ದಾಟುವತನಕ ಮುಚ್ಚಿಕೊಂಡಿತ್ತು. ಆಮೇಲೆ ಆ ರಾಳಕ್ಕೆ ರಸ್ತೆಯ ಧೂಳೆಲ್ಲ ಮೆತ್ತಿ ಮೊದಲಿಗಿಂತ ಜೋರಾಗಿ ಅರಚತೊಡಗಿತು. ನಾನು ಹೊಸದು ತರೋಣ ಎನ್ನುವುದು, ಅಪ್ಪ ರಾಳ ತರುವುದು. ಚಳಿಗಾಲವೆಲ್ಲ ಇದೇ ಜಗಳ.

"ಹೊಸಾದು ಯಾಕ ಬೇಕ? ಇದಕ್ಕ ಇನ್ನೂ ಜೀವ ಐತಿ," ಎನ್ನುತ್ತಿದ್ದ.

ಹಾಗಿದ್ದ ಅಪ್ಪ ಒಂದು ಸಂಜೆ ಕೊಲ್ಹಾಪುರದಿಂದ ಬಂದವನೇ ಚೀಲದಿಂದ ಹೊಸ ಬೆಲ್ಟ್ ತೆಗೆದು ನನ್ನ ಮುಂದಿಟ್ಟ. "ನಾಳೆ ಕರೆಂಟ್ ಇಲ್ಲ, ಮಗ್ಗ ಬಂದ್ ಇರ್ತಾವ. ಇಬ್ಬರೂ ಕೂಡಿ ಹಾಕೂಣು," ಎಂದ. ನಾನು ಆ ಕಪ್ಪು ರಬ್ಬರನ್ನು ಬಳೆ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೂ ನನ್ನ ಮಾತು ಅಪ್ಪನ ಕಿವಿಗೆ ಬಿತ್ತಲ್ಲ ಎಂದು ಎಷ್ಟು ಹಿಗ್ಗಿದೆನೋ!

ಮರುದಿನದ ಹೊತ್ತು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಶೆಡ್ಡು ಗಪ್ ಎಂದು ಮಲಗಿತ್ತು. ಇಂಜಿನ್ನಿನ ಸಂದಿಯಲ್ಲಿ ಹಗಲಿನಲ್ಲೂ ಕತ್ತಲೆ, ಅಪ್ಪ ಬ್ಯಾಟರಿ ದೀಪ ಹಿಡಿದು ಪಕ್ಕದಲ್ಲಿ ನಿಂತ. ನಾನು ಪಾನಾ ಹಾಕಿ ಡೈನಮೋದ ಬೋಲ್ಟ್ ಸಡಿಲಿಸಿದೆ, ಡೈನಮೋವನ್ನು ಒಳಕ್ಕೆ ತಳ್ಳಿ ಹಳೆಯ ಬೆಲ್ಟನ್ನು ಕಳಚಿದೆ. ಅದರ ಒಳಮೈಯೆಲ್ಲ ಬಿರುಕು ಬಿಟ್ಟಿತ್ತು, ಪಕ್ಕಗಳು ಸವೆದು ಕನ್ನಡಿಯಂತೆ ನುಣುಪಾಗಿದ್ದವು. ಹೊಸದನ್ನು ಅದರ ಪಕ್ಕ ಹಿಡಿದು ಅಳತೆ ನೋಡಿದೆ. ಪುಲ್ಲಿಗಳಿಗೆ ಅಂಟಿದ್ದ ರಾಳ ಬಿಡಿಸಲು ಅರ್ಧ ದಿನ ಹೋಯಿತು. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ತಿಕ್ಕಿ ತಿಕ್ಕಿ ಉಗುರೆಲ್ಲ ಕರಿ ಆದವು. "ನಿನ್ನ ಔಷಧ ನೋಡಪಾ," ಎಂದು ಅಪ್ಪನನ್ನು ಚುಚ್ಚಿದೆ. ಅಪ್ಪ ನಕ್ಕ. ಅವ್ವ ಎಂದೂ ಬಾಗಿಲಿಗೆ ಚಹಾ ತಂದವಳಲ್ಲ, ಅವತ್ತು ಗಾಡಿಯ ತನಕ ತಂದುಕೊಟ್ಟಳು. ಹೊಸ ಬೆಲ್ಟ್ ಕೂಡಿಸಿ, ಡೈನಮೋ ಎಳೆದು ಹಿಡಿದು ಬೋಲ್ಟ್ ಬಿಗಿ ಮಾಡಿ, ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿತು. ಚಾಲು ಮಾಡಿದರೆ ಇಂಜಿನ್ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

"ಮತ್ತೇನೇನ ತಕರಾರ ಅದಾವ ಗಾಡಿಗೆ? ಎಲ್ಲಾ ಒಮ್ಮೆ ಹೇಳಿಬಿಡು," ಎಂದ ಅಪ್ಪ. ನಾನು ಮನಸ್ಸು ಬಿಚ್ಚಿ ಹೇಳಿದೆ. ಎಡಗಡೆಯ ಬಾಗಿಲು ಬಡಿಯುವುದು, ಹ್ಯಾಂಡ್‌ಬ್ರೇಕ್ ಹಿಡಿಯದಿರುವುದು, ವೈಪರ್. ಎಲ್ಲವನ್ನೂ ಆ ವಾರವೇ ಮಾಡಿಸಿಕೊಟ್ಟ. ಅದೇ ವಾರ ಗಡಹಿಂಗ್ಲಜಕ್ಕೆ ಹೋದಾಗ ದಾರಿಯುದ್ದ ಹಾಡಿಕೊಂಡು ಹೋದೆ. ಮನೆಯಲ್ಲಿ, ಅಪ್ಪನ ಜೊತೆ ಮಗ್ಗ ನೋಡಿಕೊಳ್ಳುವ ತಮ್ಮ ಮಾತ್ರ ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತಿರಲಿಲ್ಲ. ಅವನದು ಯಾವಾಗಲೂ ಹಾಗೇ ಎಂದುಕೊಂಡೆ.

ಮುಂದಿನ ರವಿವಾರ ಕೊಲ್ಹಾಪುರದಿಂದ ಚಪ್ಪಲಿ ವ್ಯಾಪಾರದ ಒಬ್ಬ ಮನುಷ್ಯ ಬಂದ. ಪರಿಚಯದವರು, ಗಾಡಿ ನೋಡಬೇಕಂತೆ ಎಂದ ಅಪ್ಪ. ತಾನೂ ಇಂಥದ್ದೇ ಕೊಳ್ಳುವವನಿರಬೇಕು ಎಂದುಕೊಂಡು ನಾನೇ ಬಾನೆಟ್ ಎತ್ತಿದೆ. ಅಪ್ಪ ಬೆಲ್ಟಿನ ಕಡೆ ಬೆರಳು ತೋರಿಸಿ ಮರಾಠಿಯಲ್ಲಿ ಹೇಳಿದ: "ಪಟ್ಟಾ ನವೀನ್ ಆಹೇ. ಮುಲೀನಂ ಸ್ವತಃ ಬಸವಲಾಯ್. ತಿಚ್ಯಾ ಹಾತಾಲಾ ತೋಡ್ ನಾಹೀ." ಬೆಲ್ಟ್ ಹೊಸದು, ಮಗಳೇ ಕೂಡಿಸಿದ್ದಾಳೆ, ಅವಳ ಕೈಗೆ ಸಾಟಿ ಇಲ್ಲ.

ಅಪ್ಪ ಹೊರಗಿನವರ ಮುಂದೆ ನನ್ನನ್ನು ಹೊಗಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ನನ್ನ ಕಣ್ಣು ತುಂಬಿ ಬಂತು. ಓಡಿ ಹೋಗಿ ಗಾಡಿ ಚಾಲು ಮಾಡಿದೆ, ದೀಪ ಹಚ್ಚಿದೆ, ಸ್ಟೇರಿಂಗ್ ಪೂರಾ ತಿರುಗಿಸಿದೆ, ರೇಸ್ ಕೊಟ್ಟೆ. ನೋಡ್ರಿ, ಲೋಡ್ ಹಾಕಿದರೂ ಹೀಗೇ ಓಡುತ್ತದೆ ಎಂದು ನಾನೇ ಬಾಯಿ ತುಂಬ ಹೇಳಿದೆ. ಆ ಮನುಷ್ಯ ತಲೆದೂಗಿದ. ಆಮೇಲೆ ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ಮುಂದಿನ ಗಾಲಿಯ ಹತ್ತಿರ ಒಡೆದ, ಬಾನೆಟ್ಟಿಗೆ ಕುಂಕುಮ ಹಚ್ಚಿದ. ತನ್ನದಾದ ಗಾಡಿಗಲ್ಲದೆ ಯಾರು ಹೀಗೆ ಮಾಡುತ್ತಾರೆ? ನಾನು ಸೀಟಿನಲ್ಲಿ ಕೂತೇ ಇದ್ದೆ. ಅಪ್ಪ ಕಿಟಕಿಯ ಹತ್ತಿರ ಬಂದು, "ಇಳಿಯವ್ವಾ, ಚಾವಿ ಕೊಡು ಅವರಿಗೆ," ಎಂದ.

ಕೊಟ್ಟೆ. ಯಾಕೆ ಕೊಟ್ಟೆನೋ ಈಗಲೂ ತಿಳಿಯದು. ಗಾಡಿ ಗಲ್ಲಿ ತಿರುಗಿ ಹೋಯಿತು.

ತಮ್ಮನಿಗೆ ಹಳೆಯ ಮಗ್ಗ ಕಿತ್ತು ಹೊಸ ನಮೂನೆಯ ಮಗ್ಗ ಹಾಕಬೇಕಿತ್ತು, ಅದಕ್ಕೆ ಗಾಡಿ ಮಾರಿದ್ದು. ಇದು ಅಪ್ಪನಿಗೆ, ಅವ್ವನಿಗೆ, ತಮ್ಮನಿಗೆ, ಅವನ ಹೆಂಡತಿಗೆ, ಎಲ್ಲರಿಗೂ ಗೊತ್ತಿತ್ತು. ಅರಚಿ ಮಾತಾಡುವ ನನ್ನ ಮನೆಯವರು ನನಗೊಬ್ಬಳಿಗಾಗಿ ಮೆಲ್ಲಗೆ ಮಾತಾಡುವುದನ್ನು ಕಲಿತಿದ್ದರು.

"ನಿಂದು ಅಂದಿದ್ದೆಲ್ಲಪಾ?" ಎಂದು ಕೇಳಿದೆ.

"ಮನ್ಯಾಗಿಂದು ಎಲ್ಲಾರ್ದೂ ಇರತೈತಿ," ಎಂದ ಅಪ್ಪ.

"ನಿನಗೇನ ಕಡಿಮಿ ಮಾಡೇವವ್ವಾ? ಉಣ್ಣಾಕ, ಉಡಾಕ ಐತಿ," ಎಂದಳು ಅವ್ವ. ಯಾವ ಮಾತು ಕೇಳಬಾರದೆಂದು ಇಷ್ಟು ವರ್ಷ ಸ್ಟೇರಿಂಗ್ ಹಿಡಿದಿದ್ದೆನೋ ಅದನ್ನೇ ಆಡಿದಳು.

"ಮಾರೂದಿದ್ರ ಮೊದಲ ನನಗ ಹೇಳಬೇಕಿತ್ತು," ಎಂದೆ.

"ಹೇಳಿದ್ರ ನೀ ಬೆಲ್ಟ್ ಹಾಕ್ತಿದ್ದೇನ?" ಎಂದ ಅಪ್ಪ.

"ಹಾಕ್ತಿದ್ದೆ. ಕೇಳಿದ್ರ ಹಾಕ್ತಿದ್ದೆ," ಎಂದೆ. ಅಪ್ಪ ನಂಬಲಿಲ್ಲ, ಎದ್ದು ಶೆಡ್ಡಿಗೆ ಹೋದ. ನಾನು ಹೇಳಿದ್ದು ನಿಜ. ಅತ್ತು, ಜಗಳ ಮಾಡಿ, ಎರಡು ದಿನ ಊಟ ಬಿಟ್ಟು, ಕೊನೆಗೆ ನಾನೇ ಹಾಕಿಕೊಡುತ್ತಿದ್ದೆ. ನನ್ನನ್ನು ಹೆತ್ತು ಬೆಳೆಸಿದವನಿಗೆ ನಾನು ಅಷ್ಟೂ ಗೊತ್ತಿರಲಿಲ್ಲ.

ಆ ಇಡೀ ರಾತ್ರಿ ಒಂದೇ ಹಟ ಹಿಡಿದು ಯೋಚಿಸಿದೆ. ಗಾಡಿ ಹೋದರೆ ಹೋಗಲಿ, ದಾರಿ ನನ್ನದು. ಬಾಡಿಗೆ ಗಾಡಿ ಹಿಡಿದಾದರೂ ಆ ಅಂಗಡಿಗಳಿಗೆ ನಾನೇ ಗಂಟು ಮುಟ್ಟಿಸುತ್ತೇನೆ. ಬೆಳಗಾದ ಮೇಲೆ ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದೆ. ಮೊಟ್ಟಮೊದಲು ನನ್ನನ್ನು ನಂಬಿ ಬಟ್ಟೆ ತರಲು ಹೇಳಿದ್ದ ಹಿರಿಯ ವ್ಯಾಪಾರಿಯ ಅಂಗಡಿಗೇ ನಡೆದೆ. ಅಂಗಡಿಯ ಮುಂದೆ ಬೇರೆ ಯಾವುದೋ ಪಿಕಪ್ ನಿಂತಿತ್ತು, ಹಮಾಲರು ಅದರಿಂದ ಬಟ್ಟೆಯ ಗಂಟು ಇಳಿಸುತ್ತಿದ್ದರು.

"ಬರ್ರಿ ಅಕ್ಕಾರ. ಕೆಲಸ ಬಿಟ್ಟರೂ ಮಾತಾಡ್ಸಾಕ ಬಂದ್ರಿ, ಚಲೋ ಆತು," ಎಂದರು ಅವರು.

ಬಿಟ್ಟದ್ದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ನಿಮ್ಮ ಅಪ್ಪಾರ ಹೋದ ತಿಂಗಳನ ಎಲ್ಲಾರಿಗೂ ಫೋನ್ ಮಾಡಿದ್ರಲ್ರಿ. ಮಗಳಿಗೆ ಸಾಕಾಗೇತಿ, ತಾನ ಬಿಡ್ತೇನಿ ಅಂತಾಳ, ನೀವು ಬ್ಯಾರೆ ಗಾಡಿ ನೋಡ್ಕೋರಿ ಅಂದ್ರು. ಮನ್ನಿ ನೀವು ಬಂದಾಗ ನಾನ ಕೇಳವನಿದ್ದೆ. ಹಾಡಕೋತ ಇಳದ್ರಿ, ಯಾಕ ಮನಸ್ಸ ಕೆಡಸೂದು ಅಂತ ಬಿಟ್ಟೆ."

ಹೋದ ತಿಂಗಳು. ಅಂದರೆ ಅಪ್ಪ ಬೆಲ್ಟ್ ತರುವ ಮೊದಲೇ. ನನ್ನ ಬಾಯಿಂದ ಬಾರದ ಮಾತನ್ನು ನನ್ನ ಹೆಸರಿನಲ್ಲಿ ಆಡಿ ಮುಗಿಸಿ, ಆಮೇಲೆ ಬಂದು ನನಗೆ ಬ್ಯಾಟರಿ ಹಿಡಿದು ನಿಂತಿದ್ದ.

"ನನಗ ಸಾಕಾಗಿಲ್ರಿ," ಎಂದೆ. ದನಿ ಎಷ್ಟು ಜೋರಾಯಿತೆಂದರೆ ಹಮಾಲರು ಗಂಟು ಹೊತ್ತವರು ಹಾಗೇ ನಿಂತು ನೋಡಿದರು. "ನಾ ಹಂಗ ಅಂದೇ ಇಲ್ಲ. ಬಾಡಿಗಿ ಗಾಡಿ ತರ್ತೇನಿ, ಮುಂದಿನ ವಾರಾನ ತರ್ತೇನಿ."

ಅವರು ನನ್ನ ಮುಖ ನೋಡಿದರು, ಹೊರಗೆ ನಿಂತ ಗಾಡಿಯನ್ನು ನೋಡಿದರು. ಸಂಕಟವಾಗಿ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಈಗೇನ ಮಾಡೂದ್ರಿ ಅಕ್ಕಾರ," ಎಂದರು. "ಆ ಗಾಡಿಯವಂಗ ನಾವು ಮಾತ ಕೊಟ್ಟೇವ್ರಿ."