ಹತ್ತು ಲಕ್ಷ ಸೈನಿಕರು, ಹತ್ತು ಟ್ಯಾಂಕುಗಳು

ಮೊನ್ನೆ ನಮ್ಮ ಮನೆಯ ಹತ್ತಿರ ಬೆರ್ರಿಯೆಸಾ ಬಡಾವಣೆಯ ಇರಾನಿ ಅಂಗಡಿಯೊಂದರಲ್ಲಿ ಒಣಗಿಸಿದ ಕರಿ ನಿಂಬೆಯ ವಾಸನೆ ಮೂಗಿಗೆ ಬಡಿದು, ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತುಹೋಯಿತು. ಅದು ಮೆಹ್ರಿಯ ಅಡುಗೆಮನೆಯ ವಾಸನೆ.

ಎಂಬತ್ತರ ದಶಕದಲ್ಲಿ ಇರಾನಿನ ಮೆಹ್ರಿ ಮಿಲ್ಪಿಟಾಸ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯವಳು. ನಾನು ಕೆಲಸದಿಂದ ಬರುವವರೆಗೆ ಮಗಳು ಸ್ಮಿತಾಳನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನಾನು ಈ ಪರದೇಶಕ್ಕೆ ಬಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳ ಬೆಸುಗೆ ಪರೀಕ್ಷಿಸುತ್ತಿದ್ದೆ. ಇತಿಹಾಸಕ್ಕೆ ಇದರಿಂದ ಅಂಥ ನಷ್ಟವೇನೂ ಆಗಲಿಲ್ಲ ಬಿಡಿ. ಆಗ ಇರಾನಿಗೂ ಇರಾಕಿಗೂ ಯುದ್ಧ. ಮೆಹ್ರಿಯ ತಮ್ಮ ಬೆಹ್ರಾಮ್ ಗಡಿಯಲ್ಲಿದ್ದ. ಫೋನು ರಿಂಗಾದರೆ ಅವಳ ಕೈಯ ಸೌಟು ನಿಂತುಬಿಡುತ್ತಿತ್ತು.

ಒಂದು ಸಂಜೆ ಅವಳ ಅಡುಗೆಮನೆಯಲ್ಲಿ ಪ್ರಾಚೀನ ಕಾಲದ ಯುದ್ಧವೊಂದರ ಬಗ್ಗೆ ಶಾಲೆಯ ರಿಪೋರ್ಟು ಬರೆಯುತ್ತಿದ್ದ ಸ್ಮಿತಾ, "ಅಮ್ಮಾ, ತ್ರೀ ಹಂಡ್ರೆಡ್ ಗ್ರೀಕ್ಸ್ ಒನ್ ಮಿಲಿಯನ್ ಪರ್ಷಿಯನ್ಸ್‌ನ ತಡೆದ್ರಂತೆ. ಪರ್ಷಿಯನ್ಸ್ ಎಲ್ಲಾ ಸ್ಲೇವ್ಸ್, ವಿಪ್‌ನಲ್ಲಿ ಹೊಡ್ದು ಫೈಟ್ ಮಾಡಿಸ್ತಿದ್ರಂತೆ," ಎಂದಳು. ಪರ್ಷಿಯನ್ನರೆಂದರೆ ಮೆಹ್ರಿಯ ಇರಾನಿನವರೇ; ಆದರೆ ಕನ್ನಡದಲ್ಲಿ ಹೇಳಿದರೆ ಅವಳಿಗೆ ತಿಳಿಯದೆಂದು ಸ್ಮಿತಾಳ ಎಣಿಕೆ. ನಮ್ಮ ಮನೆಯ ಕನ್ನಡದಲ್ಲಿ ಮುಖ್ಯವಾದ ಪದಗಳೆಲ್ಲ ಇಂಗ್ಲಿಷೇ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಮೆಹ್ರಿ ಒಲೆಯ ಕಡೆ ಮುಖ ಮಾಡಿಕೊಂಡೇ ಇಂಗ್ಲಿಷಿನಲ್ಲಿ, "ನನ್ನ ತಮ್ಮನಿಗೆ ಯಾರೂ ಚಾಟಿಯಲ್ಲಿ ಹೊಡೆಯುತ್ತಿಲ್ಲ," ಎಂದಳು.

ನನ್ನೊಳಗಿನ ಮೇಡಂ ಎದ್ದರು. ಹತ್ತು ಲಕ್ಷ ಜನಕ್ಕೂ ಅವರ ಕುದುರೆಗಳಿಗೂ ದಿನವೂ ನೀರು, ಮೇವು, ಊಟ ಎಲ್ಲಿಂದ ಬರಬೇಕು? ಅದು ಕೊನೆಗೆ ಯುದ್ಧ ಗೆದ್ದ ಗ್ರೀಕರು ಬರೆದ ಸಂಖ್ಯೆ. ಸ್ಪಾರ್ಟಾ ಊರಿನ ಆ ಮುನ್ನೂರು ಜನರ ಜೊತೆ ಬೇರೆ ಊರಿನ ಗ್ರೀಕರೂ ಸತ್ತರು, ಸ್ಪಾರ್ಟಾದವರೇ ಕರೆತಂದಿದ್ದ ಗುಲಾಮರೂ ಸತ್ತರು. ಹೀಗೆ ದೊಡ್ಡ ಭಾಷಣವನ್ನೇ ಬಿಗಿದೆ.

"ಮತ್ತೆ ಬುಕ್ಕಲ್ಲಿ ಯಾಕೆ ಹಾಕಿದಾರೆ?" ಎಂದು ಸ್ಮಿತಾ ಗೊಣಗುತ್ತಾ ಎರಡು ಸಾಲು ಹೊಡೆದುಹಾಕಿದಳು. ಮೆಹ್ರಿ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಆ ಚಳಿಗಾಲದಲ್ಲಿ ಬೆಹ್ರಾಮ್ ಯುದ್ಧದಲ್ಲಿ ಸತ್ತ. ಸುದ್ದಿ ಕೇಳಿ ನಾನು ಹೋದಾಗ ಮೆಹ್ರಿ ಫೋನಿನಲ್ಲಿ ತಾಯಿಯೊಡನೆ ಮಾತಾಡುತ್ತಿದ್ದಳು. ದನಿ ಗಟ್ಟಿಯಾಗಿತ್ತು, ಕಣ್ಣು ಒಣಗಿತ್ತು. ಫೋನಿಟ್ಟು ನನ್ನತ್ತ ತಿರುಗಿದಳು.

"ಅವನೊಬ್ಬನೇ ಹತ್ತು ಟ್ಯಾಂಕು ತಡೆದ ಅಂತ ಊರೆಲ್ಲ ಹೇಳ್ತಿದೆಯಂತೆ. ಅಮ್ಮ ಅದನ್ನೇ ಹಿಡ್ಕೊಂಡಿದ್ದಾಳೆ. ನಾನೂ ನಂಬ್ತೀನಿ ಅಂದೆ. ನೀನು ಇತಿಹಾಸ ಓದಿದವಳು. ನನಗೆ ನಿಜ ಹೇಳು."

ಹತ್ತು ಲಕ್ಷವನ್ನು ಅಳಿಸುವಾಗ ನನಗೇನೂ ಅನಿಸಿರಲಿಲ್ಲ. ಈ ಹತ್ತನ್ನು ಮುಟ್ಟಲು ಭಯವಾಯಿತು. ನಿಜವಿರಬಹುದು ಎಂದುಬಿಡಲೇ ಎನಿಸಿತು. ಆದರೆ ಅವಳು ಕೇಳಿದ್ದು ಸಮಾಧಾನವನ್ನಲ್ಲ.

"ಒಬ್ಬ ಮನುಷ್ಯ ಹತ್ತು ಟ್ಯಾಂಕು ತಡೆಯೋಕಾಗಲ್ಲ, ಮೆಹ್ರಿ. ಅವನು ಅಲ್ಲಿದ್ದ, ಸತ್ತ. ನಮಗೆ ಗೊತ್ತಿರೋದು ಅಷ್ಟೇ."

ಅವಳು ತಲೆಯಾಡಿಸಿದಳು. "ಅವನಿಗೆ ಪಟಾಕಿ ಅಂದ್ರೂ ಭಯ," ಎಂದಳು. ಅವಳಿಗೆ ಅಳು ಬಂದದ್ದು ಆಮೇಲೆಯೇ.

ಅಂಗಡಿಯಲ್ಲಿ ಯಾರೋ ದಾರಿ ಬಿಡಿ ಎಂದರು, ಪಕ್ಕಕ್ಕೆ ಸರಿದೆ. ವೀರರ ಕಥೆ ಕೇಳಿದೊಡನೆ ಉತ್ಪ್ರೇಕ್ಷೆ ಹುಡುಕುವ ಚಾಳಿ ನನಗಿನ್ನೂ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಈಗ ಅದರ ಜೊತೆಗೆ, ಹೆದರಿಕೊಂಡೇ ಅಲ್ಲಿ ನಿಂತಿದ್ದ ಒಬ್ಬ ಹುಡುಗನನ್ನೂ ಹುಡುಕುತ್ತೇನೆ, ಎರಡೂ ಸೈನ್ಯಗಳಲ್ಲಿ.