ಪ್ರಿಂಟಾಗದ ಲೇಯರ್

ಮನೆಗಳ ನಕ್ಷೆ ಬರೆಯುವ ಆ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿರುವ ಅಕ್ಕನಿಗೆ ಬಾಯಿಯೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ಬಾಯಿ ಇತ್ತು, ಕಂಪ್ಯೂಟರಿನೊಳಗಿತ್ತು. ಗೋಡೆಗೊಂದು ಲೇಯರ್, ಬಾಗಿಲಿಗೊಂದು, ಪೈಪಿಗೊಂದು, ಕರೆಂಟಿಗೊಂದು ಎಂದು ಹಾಳೆಯ ಮೇಲೆ ಹಾಳೆ ಇಟ್ಟಂತೆ ನಕ್ಷೆ ಜೋಡಿಸಿ, ಕೊನೆಗೆ 'ಸುಮ್ನೆ' ಎಂಬ ಲೇಯರೊಂದನ್ನು ಸೇರಿಸುತ್ತಿದ್ದಳು. ಮನಸ್ಸಿಗೆ ಬಂದದ್ದನ್ನೆಲ್ಲ ಅದರಲ್ಲಿ ಬರೆದು, ಕಣ್ಣಿಗೂ ಕಾಣದಂತೆ, ಪ್ರಿಂಟೂ ಆಗದಂತೆ ಆಫ್ ಮಾಡಿಟ್ಟರೆ ಅವಳ ಸಿಟ್ಟು ಇಳಿಯುತ್ತಿತ್ತು.

ಆವತ್ತು ಅವಳು ಊಟಕ್ಕೆ ಎದ್ದಾಗ ಸಾಹೇಬರು ಅವಳ ಕುರ್ಚಿಯಲ್ಲಿ ಕೂತರು. ಹಿಂದಿನ ವಾರ ಯಾರದೋ ನಕ್ಷೆಯಲ್ಲಿ ಕರೆಂಟಿನ ಲೇಯರ್ ಪ್ರಿಂಟಾಗದೆ ಅವರ ಮಾನ ಹೋಗಿತ್ತು. ಆ ತಾಪತ್ರಯವೇ ಬೇಡವೆಂದು ಪಟ್ಟಿಯಲ್ಲಿದ್ದ ಲೇಯರುಗಳನ್ನೆಲ್ಲ ಒಂದೇ ಏಟಿಗೆ ಆನ್ ಮಾಡಿ, ಪ್ರಿಂಟ್ ತೆಗೆದು, ನೋಡದೆಯೇ ಒಯ್ದು ಮನೆ ಕಟ್ಟಿಸುವ ದಂಪತಿಯ ಮುಂದೆ ಹರಡಿದರು. ಬುದ್ಧಿವಂತರ ಕೆಲಸವೇ ಹೀಗೆ.

ಕೈ ತೊಳೆದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಮನೆಯ ಯಜಮಾನರು ಕನ್ನಡಕ ಏರಿಸಿ ಜೋರಾಗಿ ಓದುತ್ತಿದ್ದರು.

"'ಹಾಲ್: ಆನೆ ಸಾಕ್ತಾರೋ ಏನೋ.' ಏನ್ರೀ ಇದು? 'ಬಚ್ಚಲು: ಸೋಪು ಬಿದ್ರೆ ಬಗ್ಗೋಕೆ ಹೊರಗೆ ಹೋಗ್ಬೇಕು.' 'ಮೆಟ್ಟಿಲು: ಸಾಹೇಬ್ರ ಐಡಿಯಾ. ದೇವ್ರೇ ಗತಿ.'"

ಸಾಹೇಬರು ಇಂಗು ತಿಂದ ಮಂಗನಂತಾದರು. ಕೆಲಸ ಹೋಯಿತೆಂದೇ ಅಕ್ಕನಿಗೆ ಅನಿಸಿತು. ಈ ವಯಸ್ಸಿನಲ್ಲಿ ಇನ್ನು ಯಾರು ಕರೆದು ಕೆಲಸ ಕೊಡುತ್ತಾರೆ?

"ನಾಳೆಯಿಂದ ನೀವು ಬರೋದು ಬೇಡ," ಎಂದರು ಸಾಹೇಬರು.

ಅಷ್ಟು ಹೊತ್ತೂ ಚೀಲ ತಬ್ಬಿಕೊಂಡು ಗಂಡನ ಪಕ್ಕ ಕೂತಿದ್ದ ಮನೆಯಾಕೆ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಗಂಡ ಓದದೆ ಹಾರಿಸಿದ ಸಾಲಿನ ಮೇಲೆ ಬೆರಳಿಟ್ಟರು. 'ಅಡುಗೆಮನೆಗೆ ಕಿಟಕಿ ಇಲ್ಲ. ಆಯಮ್ಮನ್ನ ಯಾರೂ ಒಂದು ಮಾತೂ ಕೇಳಿಲ್ಲ.'

"ಇದನ್ನ ಬರೆದೋರು ಯಾರು?"

"ನಾನೇ... ತಪ್ಪಾಯ್ತಮ್ಮ."

"ತಪ್ಪೇನು ಬಂತು? ನಾಲ್ಕು ತಿಂಗಳಿಂದ ಇಲ್ಲಿಗೆ ಬರ್ತಿದೀನಿ. ನೀರು ಬೇಕಾ ಅಂತ ಕೇಳಿದಾರೆ, ಕಿಟಕಿ ಬೇಕಾ ಅಂತ ಯಾರೂ ಕೇಳ್ಲಿಲ್ಲ." ಆಮೇಲೆ ಗಂಡನ ಕಡೆ ತಿರುಗಿದರು. "ಸೈಟು ನನ್ನ ಹೆಸರಲ್ಲಿದೆ, ನೆನಪಿದೆಯಾ? ಈಯಮ್ಮನೇ ನಕ್ಷೆ ಬರೆದ್ರೆ ಸಹಿ ಹಾಕ್ತೀನಿ. ಇಲ್ದಿದ್ರೆ ಇಲ್ಲ."

ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು. ಸಾಹೇಬರು ಕೆಮ್ಮಿದರು, ಮೇಲೆ ನೋಡಿದರು, ಕೊನೆಗೆ ತಾವೇ ಎದ್ದು ಅಕ್ಕನಿಗೆ ಕುರ್ಚಿ ಎಳೆದುಕೊಟ್ಟರು.

ಹೋದ ಜೀವ ಬಂದಂತಾಯಿತು ಅವಳಿಗೆ. ಕಂಪ್ಯೂಟರಿನ ಮುಂದೆ ಕೂತು ಮೊದಲು 'ಸುಮ್ನೆ'ಯನ್ನು ಆಫ್ ಮಾಡಿದಳು. ಮನೆಯಾಕೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು, "ಕಿಟಕಿ ಎಲ್ಲಿ ಬೇಕಮ್ಮ?" ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಅವಳೂ ಯಾರನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲು.