ಟ್ರ್ಯಾಕ್ಟರಿನ ಪಾನಾ, ಸ್ಕೂಟರಿನ ಬೋಲ್ಟು

ಗಾಡಿಯ ಎಣ್ಣೆ ಮನೆಯಲ್ಲೇ ಬದಲಿಸಿದರೆ ರೊಕ್ಕ ಉಳಿಯುತ್ತದೆ ಎಂದು ಹೇಳುವ ಗಂಡಸರು ಆ ಎಣ್ಣೆ ಹತ್ತಿದ ಬಟ್ಟೆಯನ್ನು ಒಮ್ಮೆಯೂ ಒಗೆದಿರುವುದಿಲ್ಲ. ನಾನು ಒಗೆದಿದ್ದೇನೆ. ಮದುವೆಯಾಗಿ ಅಗಡಿಗೆ ಬಂದಾಗಿನಿಂದ ಒಗೆಯುತ್ತಲೇ ಇದ್ದೇನೆ. ಸೋಡಾ ಹಾಕಿ ಕುದಿಸಿದರೆ ಬಟ್ಟೆ ಹರಿಯುತ್ತದೆ, ಕಲೆ ಹೋಗುವುದಿಲ್ಲ. ಸೀಮೆಎಣ್ಣೆ ಸವರಿದರೆ ಕಲೆ ಹೋಗುತ್ತದೆ, ವಾಸನೆ ಹೋಗುವುದಿಲ್ಲ.

ನನ್ನ ಗಂಡ ಮೊದಲು ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಆಮೇಲೆ ರಾಣೆಬೆನ್ನೂರಿನಲ್ಲಿ ಒಂದು ಹಳೆಯದನ್ನು ಕೊಂಡು ತಂದ. ಅವತ್ತಿನಿಂದ ಅದಕ್ಕೆ ಪರರ ಕೈ ತಾಗಲು ಬಿಟ್ಟಿಲ್ಲ. ಎಣ್ಣೆ ಬದಲಿಸುವುದು ತಾನೇ, ಬೆಲ್ಟು ಹಾಕುವುದು ತಾನೇ. ಓಣಿಯ ಗಂಡಸರು ಸುತ್ತ ಕುಕ್ಕರಗಾಲಿನಲ್ಲಿ ಕುಳಿತು ಹೌದು ಹೌದು ಅನ್ನುತ್ತಾರೆ. ‘ನಾನೇ ಮಾಡುತ್ತೇನೆ’ ಎಂದರೆ ಅವನು ಗಾಡಿಯ ಕೆಳಗೆ ಮಲಗುತ್ತಾನೆ ಎಂದು ಅರ್ಥ. ಡಬ್ಬಿ ಹಿಡಿಯುವುದು, ಚಹಾ ತರುವುದು, ಚೆಲ್ಲಿದ್ದಕ್ಕೆ ಬೂದಿ ಹಾಕಿ ಬಳಿಯುವುದು ನಮ್ಮ ಪಾಲು. ಇಳಿಸಿದ ಕರಿ ಎಣ್ಣೆಯನ್ನೂ ಅವನು ಚೆಲ್ಲಗೊಡುವುದಿಲ್ಲ. ಗೆದ್ದಲು ಹತ್ತಬಾರದೆಂದು ಬಾಗಿಲ ಚೌಕಟ್ಟಿಗೆ, ತೊಲೆಗೆ, ಬೇಲಿಯ ಗೂಟಕ್ಕೆ ಬಳಿಯುತ್ತಾನೆ. ನಮ್ಮ ಬಾಗಿಲಿಗೆ ಒರಗಿದ ಬೀಗರು ಬೆನ್ನ ಮೇಲೆ ಕರಿ ಪಟ್ಟಿ ಹೊತ್ತುಕೊಂಡೇ ಊರಿಗೆ ಹೋಗಿದ್ದಾರೆ.

ಇದನ್ನೆಲ್ಲ ನಾನು ಸಹಿಸಿದ್ದೆ. ಅವನ ಟ್ರ್ಯಾಕ್ಟರು, ಅವನ ಹಟ. ಆದರೆ ಸ್ಕೂಟರು ಅವನದಲ್ಲ. ಅದು ನನ್ನ ಮಗಳ ಮಗಳದು.

ಆ ಹುಡುಗಿ ಗಂಡನ ಮನೆಯಲ್ಲಿ ಹೊಡೆತ ತಿಂದು, ಸಾಕಾಗಿ, ಉಟ್ಟ ಬಟ್ಟೆಯಲ್ಲಿ ಎದ್ದು ಬಂದವಳು. ಸ್ವಂತ ಅಪ್ಪನ ಮನೆಗೆ ಹೋದರೆ ಅವನು ಮರುದಿನವೇ ಕರೆದುಕೊಂಡು ಹೋಗಿ ಗಂಡನ ಮನೆಯಲ್ಲಿ ಬಿಟ್ಟು ಬರುವವ. ಅದಕ್ಕೇ ನಮ್ಮಲ್ಲಿಗೆ ಬಂದಳು. ರಕ್ತ ತಪಾಸಣೆಯ ಕೋರ್ಸು ಕಲಿತಿದ್ದರಿಂದ ಹಾವೇರಿಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂಡಿ ಮಾತು ಮುಗಿಸಿದರು. ಕೆಲಸ ಇರುವ ತನಕ ಅಜ್ಜಿಯ ಮನೆಯಲ್ಲಿ ಇರಲಿ, ಕೆಲಸ ಹೋದ ದಿನ ಗಂಡನ ಮನೆಗೆ ಹೋಗಲಿ ಎಂದರು. ಅವಳನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ನಾನು ಒಳಗೆ ಅವರಿಗೇ ಚಹಾ ಸೋಸುತ್ತಿದ್ದೆ.

ಉಪವಾಸದ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಗಾಗುವುದರೊಳಗೆ ಬಂದು ಕೂರುತ್ತಾರಂತೆ. ಲ್ಯಾಬಿನ ಬಾಗಿಲು ತೆಗೆಯುವುದು ಇವಳ ಕೆಲಸ. ಬಸ್ಸನ್ನು ನಂಬಿದರೆ ಆಗುವುದಿಲ್ಲ. ಒಮ್ಮೊಮ್ಮೆ ತುಂಬಿ ಬಂದು ನಿಲ್ಲುವುದೇ ಇಲ್ಲ, ಒಮ್ಮೊಮ್ಮೆ ಬರುವುದೇ ಇಲ್ಲ. ತಡವಾಗಿ ಹೋದ ಒಂದು ದಿನ ಲ್ಯಾಬಿನ ಮಾಲಕ, ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿಬಿಟ್ಟ. ಆಗ ಸ್ಕೂಟರ್ ತಂದಳು. ಅವಳ ಸಂಬಳದ ಜೊತೆ ನನ್ನ ಕೈಯ ರೊಕ್ಕವೂ ಸೇರಿತ್ತು. ಸುಗ್ಗಿಯಲ್ಲಿ ಓಣಿಯ ಹೆಂಗಸರ ಜೊತೆ ಟೆಂಪೋದಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಗಳಿಸಿದ್ದು. ಸಂಜೆ ಮನೆಗೆ ಬಂದು ಮೊಸರಿನಲ್ಲಿ ಕೈ ಅದ್ದಿ ಕೂತರೂ ಉರಿ ಇಳಿಯದ ಕೆಲಸ ಅದು. ಆ ಸ್ಕೂಟರ್ ಶೋಕಿಯ ಸಾಮಾನಾಗಿರಲಿಲ್ಲ. ಅದು ನಿಂತರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಹುಡುಗಿ ಮತ್ತೆ ಆ ಮನೆಗೆ ಹೋಗಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡನಿಗೂ ಗೊತ್ತಿತ್ತು.

ಗಾಡಿ ತಂದ ದಿನವೇ ಅವಳು ಅಜ್ಜನಿಗೆ ಬಿಡಿಸಿ ಹೇಳಿದಳು. ಮೊದಲಿನ ಸರ್ವಿಸುಗಳನ್ನೆಲ್ಲ ಶೋರೂಮಿನಲ್ಲೇ ಮಾಡಿಸಬೇಕು, ಹೊರಗೆ ಯಾರಾದರೂ ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ, ದಯಮಾಡಿ ನೀನು ಮುಟ್ಟಬೇಡ. ಸರ್ವಿಸ್ ಪುಕ್ಕಟೆಯಂತೆ, ಎಣ್ಣೆಗೆ ಮಾತ್ರ ರೊಕ್ಕವಂತೆ. ಅವನು ನಕ್ಕ. ಎಣ್ಣೆಗೆ ಊರಿಗಿಲ್ಲದ ರೇಟು ಹಾಕಿ ಕೆಲಸ ಪುಕ್ಕಟೆ ಅನ್ನುವುದು ಯಾವ ಸೀಮೆಯ ಪುಕ್ಕಟೆ ಎಂದು ಕೇಳಿದ. ಆ ಮಾತು ಸುಳ್ಳಲ್ಲ. ಶೋರೂಮಿನವರು ಧರ್ಮಛತ್ರ ಇಟ್ಟುಕೊಂಡು ಕೂತಿಲ್ಲ. ಆದರೆ ಅವಳು ಕೇಳಿದ್ದು ರೇಟಿನ ಮಾತಲ್ಲ, ಮುಟ್ಟಬೇಡ ಎಂದು.

ಮಹಾನವಮಿಗೆ ನಮ್ಮಲ್ಲಿ ಖಂಡೇಪೂಜೆ. ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲ ತೊಳೆದು ಪೂಜೆ ಮಾಡುತ್ತೇವೆ. ಊರವರೆಲ್ಲ ಗಾಡಿಯ ಮೈ ತೊಳೆದರೆ ನನ್ನ ಗಂಡ ಹೊಟ್ಟೆಯನ್ನೂ ತೊಳೆಯುತ್ತಾನೆ. ಹಳೆಯ ಎಣ್ಣೆ ಇಳಿಸಿ ಹೊಸದು ಹಾಕಿದ ಮೇಲೆಯೇ ಕುಂಕುಮ. ಇದು ಅವನೇ ಹಾಕಿಕೊಂಡ ಪದ್ಧತಿ. ಓಣಿಯ ಗಂಡಸರೂ ಅದನ್ನೇ ಹಿಡಿದಿದ್ದಾರೆ. ಅವತ್ತು ಹುಡುಗಿ ನಸುಕಿನ ಕೆಲಸ ಮುಗಿಸಿ ಬಂದು ಒಳಗೆ ಮಲಗಿದ್ದಳು. ನಾನು ಹೋಳಿಗೆಯ ಹೂರಣ ಅರೆಯುತ್ತಿದ್ದೆ. ಹೊರಗೆ ಬಂದು ನೋಡಿದರೆ ಟ್ರ್ಯಾಕ್ಟರ್ ಮುಗಿಸಿ ಸ್ಕೂಟರಿನ ಕೆಳಗೆ ಡಬ್ಬಿ ಇಟ್ಟಿದ್ದಾನೆ.

“ಅದನ್ನ ಮುಟ್ಟಬ್ಯಾಡ ಅಂದಾಳಲ್ಲ ಹುಡುಗಿ,” ಎಂದೆ.

“ಹೊಲಸೆಣ್ಣಿ ಹೊಟ್ಟ್ಯಾಗ ಇಟಗೊಂಡು ಪೂಜಿ ಮಾಡಿಸಿಕೊಳ್ಳಾಕ ಅದೇನು ಪುಢಾರಿ ಏನು?” ಎಂದ. ಕುಳಿತ ಗಂಡಸರು ನಕ್ಕರು. ಅವರು ನಕ್ಕರೆ ಅವನಿಗೆ ಮತ್ತೇನೂ ಬೇಡ.

ಎಬ್ಬಿಸುತ್ತೇನೆ ಅವಳನ್ನು ಎಂದೆ. ಅಷ್ಟರಲ್ಲಿ ಎಣ್ಣೆ ಡಬ್ಬಿಗೆ ಇಳಿದಿತ್ತು. ಹೊಸ ಎಣ್ಣೆ ಸುರಿದ, ಬೋಲ್ಟು ಹಾಕಿದ. ಸ್ಕೂಟರಿನ ಬೋಲ್ಟು ಬೆರಳ ತುದಿಯಷ್ಟು. ಅವನ ಕೈಯಲ್ಲಿದ್ದದ್ದು ಟ್ರ್ಯಾಕ್ಟರಿನ ಬೋಲ್ಟು ತಿರುಗಿಸುವ ಪಾನಾ, ಮೊಳದುದ್ದದ್ದು. ಟ್ರ್ಯಾಕ್ಟರಿಗೆ ಹಾಕಿದ ಹಾಗೆಯೇ ಹಲ್ಲು ಕಚ್ಚಿ ತಿರುಗಿಸಿದ. ಒಳಗೆ ಕಟ್ ಎಂದಿತು. ನಾನೂ ಕೇಳಿದೆ. ಏನದು ಎಂದರೆ, ಬಿಗಿಯಾದ ಸದ್ದು ಎಂದ. ಮೈ ಒರೆಸಿ, ಚೆಂಡುಹೂವಿನ ಮಾಲೆ ಹಾಕಿ, ನಿಂಬೆಹಣ್ಣು ಕೊಯ್ದ. ಹುಡುಗಿ ಎದ್ದು ಬಂದು ಮಾಲೆ ನೋಡಿ ಖುಷಿಪಟ್ಟಳು. ಎಣ್ಣೆಯ ಮಾತನ್ನು ನಾನೇ ಹೇಳಿದೆ. ಮುಖ ಸಣ್ಣದಾಯಿತು. ಆದದ್ದು ಆಯಿತು, ಶೋರೂಮಿನಲ್ಲಿ ಹೇಳದಿದ್ದರಾಯಿತು ಎಂದಳು. ಕಟ್ ಎಂದ ಸದ್ದಿನ ಅರ್ಥ ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಒಳಗಿನ ಥ್ರೆಡ್ಡು ಹರಿದ ಬೋಲ್ಟು ತೊಟ್ಟುತೊಟ್ಟಾಗಿ ಎಣ್ಣೆ ಬಿಡುತ್ತದೆ. ಬೇರೆಯವರ ಅಂಗಳವಾಗಿದ್ದರೆ ನೆಲ ನೋಡಿಯೇ ತಿಳಿಯುತ್ತಿತ್ತು. ನಮ್ಮ ಅಂಗಳ ಯಾವಾಗಲೂ ಕರಿಯೇ. ಪಕ್ಕದಲ್ಲೇ ಸೋರುವ ಟ್ರ್ಯಾಕ್ಟರ್ ನಿಂತಿರುತ್ತದೆ. ಯಾವ ತೊಟ್ಟು ಯಾರದು ಎಂದು ಯಾರು ನೋಡುತ್ತಾರೆ. ದೀಪಾವಳಿಗೆ ಮುಂಚೆ ಒಂದು ನಸುಕಿನಲ್ಲಿ ಹಾವೇರಿಯ ದಾರಿಯಲ್ಲಿ ಬೋಲ್ಟು ಕಳಚಿ ಬಿತ್ತು, ಎಣ್ಣೆಯೆಲ್ಲ ರಸ್ತೆಗೆ ಹೋಯಿತು, ಇಂಜಿನ್ ಕಚ್ಚಿಕೊಂಡು ನಿಂತಿತು. ಹುಡುಗಿ ಗಾಡಿ ನೂಕಿಕೊಂಡು ಲ್ಯಾಬಿಗೆ ಹೋಗುವ ಹೊತ್ತಿಗೆ ಉಪವಾಸದ ಜನ ಬಾಗಿಲಲ್ಲಿ ನಿಂತು ಬಯ್ಯುತ್ತಿದ್ದರಂತೆ.

ಶೋರೂಮಿಗೆ ನಾವು ಮೂವರೂ ಹೋದೆವು. ನೀನು ಬರಬೇಡ ಎಂದು ಹುಡುಗಿ ಅಜ್ಜನಿಗೆ ಹೇಳಿದಳು. ಅಲ್ಲಿ ಮಾತಾಡಲು ಗಂಡಸು ಬೇಕು ಎಂದು ಬಂದ. ಸರ್ವಿಸಿನ ಮೇಜಿನ ಹಿಂದೆ ಒಬ್ಬ ತರುಣ ಇದ್ದ. ಫೋನಿನಲ್ಲಿ ಯಾರ ಜೊತೆಗೋ ಉರ್ದುವಿನಲ್ಲಿ ಮಾತು ಮುಗಿಸಿ ನಮ್ಮನ್ನು ಕೂರಿಸಿದ, ನನಗೆ ನೀರು ತರಿಸಿದ. ಗಾಡಿ ನೋಡಿ ಬಂದು ನಿಧಾನವಾಗಿ ತಿಳಿಸಿದ. ಇಂಜಿನ್ ಹೋಗಿದೆ. ಕಂಪನಿ ಹಾಕಿದ ಬೋಲ್ಟು ತಾನಾಗಿ ಕಳಚಿದ್ದರೆ ತಪ್ಪು ಕಂಪನಿಯದು, ಎಲ್ಲ ಸಾಮಾನನ್ನೂ ಪುಕ್ಕಟೆ ಹಾಕಿಕೊಡುತ್ತಾರೆ. ಹೊರಗಿನ ಕೈ ತಾಗಿದ್ದರೆ ಏನೂ ಇಲ್ಲ. ಆ ತರುಣನಿಗೆ ನೋಡಿದ ಕೂಡಲೇ ತಿಳಿದಿತ್ತು ಎಂದು ನನಗೆ ಅನ್ನಿಸಿತು. ಹುಡುಗಿಯ ಮುಖ ನೋಡಿದ, ದನಿ ಇಳಿಸಿದ.

“ಇದನ್ನ ಹೊರಗ ಯಾರೂ ಬಿಚ್ಚಿಲ್ಲ, ಅಲ್ಲೇನ್ರಿ? ಹಂಗ ಬರಕೋತೇನಿ.”

“ಯಾರೂ ಬಿಚ್ಚಿಲ್ರಿ,” ಎಂದಳು ಹುಡುಗಿ.

ಆತ ಪೆನ್ನು ಎತ್ತಿದ. ಅಷ್ಟೇ. ಅಷ್ಟಕ್ಕೆ ಎಲ್ಲ ಮುಗಿಯುತ್ತಿತ್ತು.

“ಯಾರೂ ಅಂದ್ರ?” ಎಂದ ನನ್ನ ಗಂಡ. “ನಾ ಬಿಚ್ಚೇನಿ. ನಮ್ಮನಿ ಗಾಡಿ ನಾನ ಬಿಚ್ಚತೇನಿ, ನಾನ ಹಾಕತೇನಿ. ನಿಮ್ಮ ಹುಡುಗೂರ್ಗಿಂತ ಬಿಗಿ ಹಾಕೇನಿ, ಬೇಕಾದ್ರ ಬಿಚ್ಚಿ ನೋಡ್ರಿ.”

“ಬಿಚ್ಚಾಕ ಏನೂ ಉಳದಿಲ್ರಿ ಅಜ್ಜಾರ. ಬಿದ್ದು ಹೋಗೇತಿ,” ಎಂದು ಆತ ಪೆನ್ನು ಕೆಳಗಿಟ್ಟ. ಅಕ್ಕಪಕ್ಕದ ಮೇಜಿನವರು ಕೇಳಿಯಾಗಿತ್ತು. ಮತ್ತೆ ಎತ್ತುವ ಹಾಗಿರಲಿಲ್ಲ.

ನಾನು ಅವನ ಕಾಲು ತುಳಿದಿದ್ದೆ. ತುಳಿದರೂ ಮಾತಾಡಿದ. ಓಣಿಯಲ್ಲಿ ಈಗಲೂ ಇದನ್ನು ಹೊಗಳುವವರಿದ್ದಾರೆ. ಮನುಷ್ಯ ಸುಳ್ಳು ಹೇಳಲಿಲ್ಲ ನೋಡು ಎನ್ನುತ್ತಾರೆ. ಸುಳ್ಳು ಹೇಳಲು ಅಂಜುವವನಾಗಿದ್ದರೆ ಪೂಜೆಯ ದಿನ ಕಟ್ ಎಂದಾಗಲೇ, ತಪ್ಪಾಯಿತು, ಗಾಡಿ ಹೊರಗೆ ಒಯ್ಯಬೇಡ ಎಂದು ಹುಡುಗಿಗೆ ಹೇಳುತ್ತಿದ್ದ. ಅವತ್ತು ಮುಚ್ಚಿಟ್ಟ. ಶೋರೂಮಿನಲ್ಲಿ ಅವನು ಆಡಿದ್ದು ಖರೇ ಮಾತಲ್ಲ, ಬಡಾಯಿ. ಯಾರೂ ಬಿಚ್ಚಿಲ್ಲ ಎಂದು ತನ್ನ ಕೈಯನ್ನು ಲೆಕ್ಕಕ್ಕೇ ಇಲ್ಲದಂತೆ ಮಾಡಿದ್ದು ಅವನಿಗೆ ತಡೆಯಲಾಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ ಬಸ್ಸಿನ ದಾರಿ ನೋಡುತ್ತ ನಿಂತಳು. ನನ್ನ ಗಂಡನೇ ಮಾತು ಶುರುಮಾಡಿದ. ರಾಣೆಬೆನ್ನೂರಿನಲ್ಲಿ ತನಗೆ ಗುರುತಿನವರಿದ್ದಾರೆ, ಅರ್ಧ ಖರ್ಚಿನಲ್ಲಿ ಆಗುತ್ತದೆ, ಎಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದ.

“ಅಂವನೂ ಹಿಂಗ ಅಂತಿದ್ದ ಅಜ್ಜಾ,” ಎಂದಳು. “ನಿಂದೆಲ್ಲಾ ನಾನ ನೋಡಕೋತೇನಿ ಅಂತ.”

ಅವನು ಎಂದರೆ ಅವಳ ಗಂಡ. ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಕೂಗಾಡಿದರೂ ಮುಚ್ಚದ ನನ್ನ ಗಂಡನ ಬಾಯಿ ಆ ಒಂದು ಮಾತಿಗೆ ಮುಚ್ಚಿತು. ನನಗೆ ಅದರಿಂದ ಏನೂ ಸಂತೋಷವಾಗಲಿಲ್ಲ.

ಶೋರೂಮಿನ ಖರ್ಚು ನಮಗೆ ನೀಗುವಂತಿರಲಿಲ್ಲ, ಗಾಡಿ ಟೆಂಪೋ ಹತ್ತಿ ರಾಣೆಬೆನ್ನೂರಿಗೆ ಹೋಯಿತು. ಇವನು ದಿನ ಬಿಟ್ಟು ದಿನ ಹೋಗಿ ಕೂತು ಅಲ್ಲಿಯ ಗ್ಯಾರೇಜಿನ ಮೇಸ್ತ್ರಿಗೆ ಬುದ್ಧಿ ಹೇಳುತ್ತಿದ್ದ. ಮೇಸ್ತ್ರಿ ಕೊನೆಗೆ, ಹಿರಿಯರೇ, ಹೊರಗೆ ಕೂತು ಚಹಾ ಕುಡಿಯಿರಿ ಎಂದು ಸ್ಟೂಲು ಹಾಕಿಕೊಟ್ಟನಂತೆ. ಸಾಮಾನು ಬರುವುದು ತಡವಾಯಿತು. ಲ್ಯಾಬಿನ ಮಾಲಕ ಇನ್ನೊಮ್ಮೆ ತಡವಾದರೆ ಬರಬೇಡ ಎಂದಿದ್ದ. ಹುಡುಗಿ ಅಜ್ಜನನ್ನೂ ಕೇಳಲಿಲ್ಲ, ಹಿರಿಯರನ್ನೂ ಕೇಳಲಿಲ್ಲ. ಜೊತೆಯ ನರ್ಸ್ ಒಬ್ಬಳು ಲ್ಯಾಬಿನ ಹತ್ತಿರ ರೂಮು ಮಾಡಿದ್ದಳು, ಅದರಲ್ಲಿ ಪಾಲಿಗೆ ಸೇರಿದಳು. ಕೆಲಸ ಉಳಿಯಿತು. ನಾನು ಒಂದು ಚೀಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಬಸ್ಸಿಗೆ ಹತ್ತಿಸಿದೆ. ಒಂಟಿ ಹುಡುಗಿ ಪೇಟೆಯಲ್ಲಿ ರೂಮು ಮಾಡಿದ್ದಾಳೆ ಎಂದು ಹಿರಿಯರು ಮತ್ತೆ ಕೂಡಲು ನೋಡಿದರು. ಈ ಸಲ ಚಹಾ ಇಲ್ಲ ಎಂದೆ. ಕೂಡಲಿಲ್ಲ.

ರಿಪೇರಿಯಾದ ಗಾಡಿಯನ್ನು ಅವಳೇ ಹೋಗಿ ತಂದಳು. ಗ್ಯಾರಂಟಿ ಹೋಗಿಯಾಗಿತ್ತು, ಇನ್ನು ಎಲ್ಲಿ ಎಣ್ಣೆ ಬದಲಿಸಿದರೂ ನಡೆಯುತ್ತಿತ್ತು. ಆದರೂ ಅದೇ ಶೋರೂಮಿಗೆ ಒಯ್ಯುತ್ತಾಳೆ. ಒಮ್ಮೆ ನಾನೂ ಜೊತೆಗೆ ಹೋದೆ. ಗಾಜಿನ ಈಚೆ ಕುರ್ಚಿ ಹಾಕಿರುತ್ತಾರೆ, ಆಚೆ ಗಾಡಿಗಳು. ಗ್ಯಾರಂಟಿಯೇ ಇಲ್ಲ, ಈ ಕಳ್ಳರಿಗೆ ಯಾಕೆ ರೊಕ್ಕ ಸುರಿಯುತ್ತೀ ಎಂದು ಕೇಳಿದೆ.

“ಇಲ್ಲಿ ಕೆಡಿಸಿದ್ರ ಬಯ್ಯಾಕ ಬರತೈತಿ ಅಜ್ಜಿ,” ಎಂದಳು.

ಅವಳ ಗಾಡಿಯ ಎಣ್ಣೆ ಇಳಿಸುತ್ತಿದ್ದವನು ಭುಜಕ್ಕೂ ಕಿವಿಗೂ ನಡುವೆ ಫೋನು ಒತ್ತಿ ಹಿಡಿದು ನಗುತ್ತಿದ್ದ. ನನ್ನ ಗಂಡ ಗಾಡಿಯ ಕೆಳಗೆ ಮಲಗಿದಾಗ ಯಮ ಕರೆದರೂ ಓಗೊಡುವುದಿಲ್ಲ, ಅಷ್ಟನ್ನು ನಾನು ಒಪ್ಪುತ್ತೇನೆ. ಹುಡುಗಿ ಎದ್ದು ಹೋಗಿ ಗಾಜು ಬಡಿದಳು. ಫೋನು ಇಡು, ನನ್ನ ಗಾಡಿ ನೋಡು ಎಂದು ಕೈಸನ್ನೆ ಮಾಡಿದಳು. ಆತ ಫೋನು ಕಿಸೆಗೆ ಹಾಕಿ, ಸಾರಿ ಮೇಡಂ ಎಂಬಂತೆ ತಲೆ ಬಾಗಿಸಿ, ಬೋಲ್ಟನ್ನು ಮತ್ತೊಮ್ಮೆ ಮುಟ್ಟಿ ನೋಡಿದ. ಅವಳು ಬಂದು ಪಕ್ಕದಲ್ಲಿ ಕೂತಳು. ಅವರ ಎಣ್ಣೆ ನನ್ನ ಗಂಡನ ಎಣ್ಣೆಗಿಂತ ಹೆಚ್ಚಿನದೇನಲ್ಲ. ಕೈಯೂ ಹೆಚ್ಚಿನದಲ್ಲ. ಅವಳು ರೊಕ್ಕ ಕೊಡುವುದು ಆ ಗಾಜು ಬಡಿಯುವುದಕ್ಕೆ.

ಹುಡುಗಿ ರವಿವಾರ ನಮ್ಮನ್ನು ನೋಡಲು ಬರುತ್ತಾಳೆ. ಬಸ್ಸಿನಲ್ಲಿ ಬರುತ್ತಾಳೆ. ಗಾಡಿ ರಿಪೇರಿಯಾದ ಮೇಲಿನ ಮೊದಲ ರವಿವಾರ ಅಜ್ಜ, ಗಾಡಿ ಎಲ್ಲಿ ಎಂದು ಕೇಳಿದ.

“ಸರ್ವಿಸಿಗೆ ಬಿಟ್ಟೇನಿ,” ಎಂದಳು.

ಮುಂದಿನ ರವಿವಾರವೂ ಕೇಳಿದ. ಅದೇ ಉತ್ತರ. ಅದರ ಮುಂದಿನದೂ ಅದೇ. ರವಿವಾರ ಶೋರೂಮಿಗೆ ರಜೆ ಎಂದು ಅವನಿಗೆ ಗೊತ್ತಿದೆ. ವಾರವಾರವೂ ಸರ್ವಿಸ್ ಬೇಡುವ ಗಾಡಿ ಈ ಭೂಮಿಯ ಮೇಲೆ ಇಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಆದರೂ ಕೇಳುತ್ತಾನೆ. ಅವಳೂ ಉಣ್ಣುತ್ತ ಉಣ್ಣುತ್ತ ತಲೆ ಎತ್ತದೆ ಅದನ್ನೇ ಹೇಳುತ್ತಾಳೆ. ಹಾಂ ಎಂದು ಅವನು ಕೈ ತೊಳೆಯಲು ಏಳುತ್ತಾನೆ. ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತೇನೆ.